ಮೂರು ಗುಡ್ಡದ ಗುರುತು

ಇಪ್ಪತ್ತೇಳನೇ ಪುಟದ ಕೆಳಗೆ, ಪುಟಸಂಖ್ಯೆಗೆ ಅಂಟಿಕೊಂಡಂತೆ, ಪೆನ್ಸಿಲಿನಲ್ಲಿ ಬರೆದ ಮೂರು ಗುಡ್ಡಗಳಿದ್ದವು. ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೊಳೆಯಲ್ಲ, ಕಾಗದದ ಸುಕ್ಕೂ ಅಲ್ಲ. ತುದಿ ಚೂಪಾದ ಮೂರು ಪುಟ್ಟ ಗುಡ್ಡಗಳು, ಒಂದರ ಪಕ್ಕ ಒಂದು. ಅಪ್ಪನ ಗುರುತು.

ಆ ಪುಸ್ತಕ ಲೈಬ್ರರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅಪ್ಪ ಸತ್ತು ಎರಡು ವರ್ಷವಾಗಿತ್ತು.

"ಯಾವನ ಕೆಲಸ ಇದು?" ಎಂದು ಗಟ್ಟಿಯಾಗಿಯೇ ಕೇಳಿದಳು.

ಬೆಂಚಿನ ಮೇಲೆ ಪೇಪರು ಓದುತ್ತಿದ್ದ ಟೈಲರ್ ತಲೆಯೆತ್ತಿದ. ಅಂಗಡಿ ಎದುರಿಗೇ ಇದ್ದರೂ ದಿನಕ್ಕೆ ಮೂರು ಸಲ ಇಲ್ಲಿ ಬಂದು ಕೂರುವವನು. "ಏನಾಯ್ತು ತಾಯಿ? ಯಾರಾದ್ರೂ ಪುಟ ಹರಿದ್ರಾ?"

"ನಿಮಗೇ ಗೊತ್ತಿರಬೇಕು."

"ಬೆಳಿಗ್ಗೆ ಬೆಳಿಗ್ಗೇನೇ ನನ್ನ ಮೇಲೆ ಬಂತಾ?" ಎಂದು ಅವನು ಮತ್ತೆ ಪೇಪರಿನ ಹಿಂದೆ ಸರಿದ.

ಈ ಲೈಬ್ರರಿಯಲ್ಲಿ ಓದಿದವರು ಗುರುತು ಹಾಕುವುದು ಹೊಸದೇನಲ್ಲ. ಪುಸ್ತಕ ಹಳೆಯದಾದಂತೆ ಕಂತೆ ಕಟ್ಟಿ ಪೇಟೆಯ ಬೈಂಡರನಿಗೆ ಕಳಿಸುತ್ತಾರೆ. ಅವನ ಹತ್ತಿರ ಇರುವುದು ಒಂದೇ ಬಣ್ಣದ ಬಟ್ಟೆ, ಬೂದಿ ಬಣ್ಣದ್ದು. ವಾಪಸು ಬಂದಾಗ ಕಥೆಯೂ ಬೂದಿ, ಚರಿತ್ರೆಯೂ ಬೂದಿ, ಕೋಳಿ ಸಾಕಣೆಯೂ ಬೂದಿ. ಯಾವುದನ್ನು ಓದಿದ್ದೇನೆ, ಯಾವುದನ್ನು ಇಲ್ಲ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮನೆಗೆ ಒಯ್ದು ಅರ್ಧ ಓದಿದ ಮೇಲೆ, ಅಯ್ಯೋ ಇವಳು ಕೊನೆಗೆ ಅವನನ್ನೇ ಮದುವೆ ಆಗ್ತಾಳಲ್ಲ ಎಂದು ನೆನಪಾಗಿ ತಲೆ ಚಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಒಬ್ಬೊಬ್ಬರು ಒಂದೊಂದು ಪುಟ, ಒಂದೊಂದು ಗುರುತು ಇಟ್ಟುಕೊಂಡರು. ಟೈಲರನದು ಒಂಬತ್ತನೇ ಪುಟದಲ್ಲಿ ಸೂಜಿಯಿಂದ ಚುಚ್ಚಿದ ಎರಡು ತೂತು. ಪೋಸ್ಟ್‌ಮ್ಯಾನ್‌ನದು ಮೂವತ್ತನೇ ಪುಟದ ಸೊನ್ನೆಯೊಳಗೆ ಒಂದು ಚುಕ್ಕೆ. ಹಿಟ್ಟಿನ ಗಿರಣಿಯವಳು ಹದಿನೈದರಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಬೆರಳಿಗೆ ಹೇಗೂ ಹಿಟ್ಟು ಮೆತ್ತಿರುತ್ತದೆ. ಇನ್ನೊಬ್ಬರ ಚಪ್ಪಲಿ ಹೇಗೆ ಯಾರೂ ಮೆಟ್ಟಿಕೊಂಡು ಹೋಗುವುದಿಲ್ಲವೋ ಹಾಗೆ ಇನ್ನೊಬ್ಬರ ಗುರುತನ್ನು ಯಾರೂ ಮುಟ್ಟುವುದಿಲ್ಲ.

ಒಂದು ಪುಸ್ತಕದ ಮೊದಲ ಐವತ್ತು ಪುಟ ತಿರುವಿದರೆ ಸಾಕು, ಊರಿನ ಅರ್ಧ ಜನ ಅವಳಿಗೆ ಸಿಗುತ್ತಿದ್ದರು. ಊರು ಬಿಟ್ಟವರು, ಸತ್ತವರು, ಜಗಳವಾಡಿ ಬರುವುದನ್ನೇ ನಿಲ್ಲಿಸಿದವರು. ಮೂರು ಗುಡ್ಡ ಮಾತ್ರ ಎಲ್ಲದರಲ್ಲೂ ಇತ್ತು. ಊರಿನ ಹಿಂದೆ ಸಾಲಾಗಿ ನಿಂತಿರುವ ಮೂರು ಗುಡ್ಡಗಳನ್ನೇ ಲೈಬ್ರರಿಯ ಮೇಷ್ಟ್ರು ಗುರುತು ಮಾಡಿಕೊಂಡಿದ್ದಾರೆ ಎಂದು ಊರವರು ಹೇಳುತ್ತಿದ್ದರು. ಮೇಷ್ಟ್ರು ಎಂದರೆ ಅವಳ ಅಪ್ಪ. ಮೂವತ್ತು ವರ್ಷ ಈ ಒಂದು ಕೋಣೆಯನ್ನು ನೋಡಿಕೊಂಡವರು. ಯಾವ ಪುಸ್ತಕ ಕೇಳಿದರೂ ಅದರ ಕಥೆಯನ್ನು ನಿಂತಲ್ಲೇ ಹೇಳುತ್ತಿದ್ದವರು. ಅವರ ನಂತರ ಈ ಕೋಣೆ ಅವಳ ಕೈಗೆ ಬಂದಿತ್ತು.

ಬರುವ ಭಾನುವಾರ ಅವರ ಫೋಟೋ ಹಾಕಿ ಬೋರ್ಡು ತೂಗುಹಾಕಬೇಕೆಂದು ಊರಿನವರು ತೀರ್ಮಾನಿಸಿದ್ದರು. "ಈ ಗ್ರಂಥಾಲಯದ ಪ್ರತಿ ಪುಸ್ತಕವನ್ನೂ ಓದಿದವರು" ಎಂದು ಪೇಂಟರ್ ಆಗಲೇ ಬರೆದು ಒಣಗಲು ಇಟ್ಟಿದ್ದ. ಕೆಳಗೆ ತನ್ನದೇ ಲಹರಿಯಲ್ಲಿ ಹಸಿರು ಬಣ್ಣದ ಮೂರು ಗುಡ್ಡಗಳನ್ನೂ ಬಿಡಿಸಿದ್ದ. ಅವತ್ತು ಬುಧವಾರ.

ಅವಳು ಗಾಜಿನ ಬೀರು ತೆಗೆದು ಹೊಸ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಸುರುವಿಕೊಂಡಳು. ನಲವತ್ತು ಪುಸ್ತಕ. ಹನ್ನೊಂದರಲ್ಲಿ ಗುಡ್ಡಗಳಿದ್ದವು. ರಿಜಿಸ್ಟರ್ ತೆಗೆದು ನೋಡಿದಳು. ಹನ್ನೊಂದರಲ್ಲಿ ಆರನ್ನು ಇನ್ನೂ ಯಾರೂ ಒಯ್ದೇ ಇರಲಿಲ್ಲ.

"ಯಾರೋ ಅಪ್ಪನ್ನ ಆಡಿಕೊಳ್ತಿದ್ದಾರೆ," ಎಂದು ಪುಸ್ತಕವನ್ನು ಟೈಲರನ ಮೂಗಿನ ಕೆಳಗೆ ಹಿಡಿದಳು.

ಅವನು ಕನ್ನಡಕವನ್ನು ಹಣೆಗೇರಿಸಿ ನೋಡಿದ. ಅವನ ಮುಖದಲ್ಲಿ ನಗು ಬರಲಿಲ್ಲ. "ಇದು ಒಳ್ಳೇದಲ್ಲ ಕಣಮ್ಮ. ಸತ್ತವರ ಸಹಿ ಹಾಕಿದ ಹಾಗೆ."

"ಅವರಿಗೂ ನಿಮಗೂ ಯಾವಾಗ್ಲೂ ವಾದ ಆಗ್ತಿತ್ತಲ್ಲ."

"ಆಗ್ತಿತ್ತು. ಆ ದೋಣಿಯವನ ಕಾದಂಬರಿ ಇಲ್ವಾ, ಅದರಲ್ಲಿ ದೋಣಿಯವನು ಕೊನೆಗೆ ಮುಳುಗಿ ಸಾಯ್ತಾನೆ ಅಂದ್ರು. ನಾನು ಓದಿದ್ದೆ, ಅವನು ದಡಕ್ಕೆ ಬರ್ತಾನೆ. ಹೇಳಿದ್ರೆ, ನೀನು ಗಮನ ಇಟ್ಟು ಓದಿಲ್ಲ ಅಂತ ನನ್ನನ್ನೇ ಬೈದ್ರು. ಅಷ್ಟಕ್ಕೆ ನಾನು ಈಗ ಗುಡ್ಡ ಬರೆದು ಸೇಡು ತೀರಿಸ್ಕೊಳ್ತೀನಾ? ಗುಂಡಿ ಹಾಕೋಕೇ ನಂಗೆ ಟೈಮಿಲ್ಲ." ಆಮೇಲೆ ದನಿ ತಗ್ಗಿಸಿದ. "ಹಗೆ ಇರೋದು ಬೇರೆಯವರಿಗೆ. ಡಿಪೋ ಕಡೆಯವನಿಗೆ."

ಅವನು ಹೇಳಿದ್ದು ಚಿಕ್ಕಪ್ಪನನ್ನು. ಮರದ ಡಿಪೋ ಹತ್ತಿರ ಗರಗಸಗಳಿಗೆ ಅರ ಹಾಕಿ ಹರಿತ ಮಾಡುವವನು, ಅಪ್ಪನ ಒಬ್ಬನೇ ತಮ್ಮ. ಹತ್ತೊಂಬತ್ತು ವರ್ಷದ ಹಿಂದೆ ಈ ಲೈಬ್ರರಿಯ ದೊಡ್ಡ ನಿಘಂಟು, ಎರಡು ಕೈಯಲ್ಲಿ ಎತ್ತಬೇಕಾದದ್ದು, ಒಂದು ದಿನ ಜಾಗದಲ್ಲಿರಲಿಲ್ಲ. ಅದನ್ನು ದಿನಾ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವನು ಚಿಕ್ಕಪ್ಪ. ಅಪ್ಪ ಹತ್ತು ಜನರ ಎದುರಿಗೆ ಅವನ ಕೊರಳಪಟ್ಟಿ ಹಿಡಿದು, "ಕಳ್ಳನಿಗೆ ಇಲ್ಲಿ ಜಾಗ ಇಲ್ಲ" ಎಂದು ಹೊರಗೆ ದಬ್ಬಿದ್ದರು. ಅವತ್ತಿನಿಂದ ಅವನ ಹೆಸರು ಊರಿನಲ್ಲಿ ನಿಘಂಟುಕಳ್ಳ. ಅವಳ ಮದುವೆಗೂ ಅವನನ್ನು ಕರೆದಿರಲಿಲ್ಲ. ದಾರಿಯಲ್ಲಿ ಎದುರಾದರೆ ಅವಳು ಉಗಿದು ಮುಂದೆ ಹೋಗುತ್ತಿದ್ದಳು. ಮರೆಯಲ್ಲಲ್ಲ, ಅವನಿಗೆ ಕಾಣುವ ಹಾಗೆಯೇ.

"ಅವನು ಒಳಗೆ ಹೇಗೆ ಬರ್ತಾನೆ? ಬೀರುಗೆ ಬೀಗ ಇದೆ."

"ಕಳ್ಳನಿಗೆ ಬೀಗ ಏನಮ್ಮ ಲೆಕ್ಕ?" ಎಂದ ಟೈಲರ್.

ಬೀಗ ಮುರಿದಿರಲಿಲ್ಲ. ಬೀರುವಿನ ಕೀಲಿಗಳು ಎರಡೇ. ಒಂದು ಅವಳ ಚೀಲದಲ್ಲಿ, ಇನ್ನೊಂದು ಮನೆಯಲ್ಲಿ, ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ.

ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಆ ಬಾಗಿಲ ಹಿಂದೆ ಕೈ ಹಾಕಿದಳು. ಮೊಳೆಯ ಮೇಲೆ ಧೂಳಿತ್ತು. ಪಕ್ಕದಲ್ಲಿ ತೂಗುತ್ತಿದ್ದ ಹಳೆಯ ಜರಡಿಯ ಮೇಲೂ ಧೂಳಿತ್ತು. ಕೀಲಿಯ ಮೇಲೆ ಇರಲಿಲ್ಲ. ಲಾರಿ ಓಡಿಸುವ ಗಂಡನಿಗೆ ಫೋನು ಮಾಡಿ ಕೇಳಿದಳು. "ನಾನಾ? ಪುಸ್ತಕಾನಾ?" ಎಂದು ಅವನು ನಕ್ಕ. "ಮುಂದಿನ ಲಾರಿ ಹಿಂದೆ ಏನು ಬರೆದಿದೆ ಅಂತಾನೇ ನಾನು ಪೂರ್ತಿ ಓದಲ್ಲ ಮಾರಾಯ್ತಿ."

ಉಳಿದವಳು ಅಮ್ಮ. ಅಮ್ಮ ದಿನಾ ಬೆಳಿಗ್ಗೆ ಏಳಕ್ಕೆ ಹೋಗಿ ಲೈಬ್ರರಿ ಗುಡಿಸಿ, ಮೇಜು ಒರೆಸಿ ಬರುತ್ತಿದ್ದಳು. ಅಪ್ಪ ಇದ್ದಾಗಿನ ರೂಢಿ.

"ಅಮ್ಮಾ, ಗುಡಿಸುವಾಗ ಗಾಜಿನ ಬೀರು ತೆಗೀತೀಯಾ?"

ಅಮ್ಮ ಪಾತ್ರೆ ಉಜ್ಜುತ್ತಿದ್ದವಳು ತಿರುಗಲಿಲ್ಲ. "ಒರೆಸೋಕೆ ತೆಗೀತೀನಿ."

"ಹೊಸ ಪುಸ್ತಕದ ಮೇಲೆ ಎಷ್ಟು ಧೂಳು ಕೂರುತ್ತೆ?"

"ನೀನು ಒರೆಸಿದ್ರೆ ತಾನೇ ಗೊತ್ತಾಗೋದು," ಎಂದಳು ಅಮ್ಮ. ಆದರೆ ಉಜ್ಜುತ್ತಿದ್ದ ಪಾತ್ರೆಯನ್ನೇ ಮತ್ತೆ ಉಜ್ಜಿದಳು. ಅದು ಆಗಲೇ ಹೊಳೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಗಿರಣಿಯ ಗೋಡೆಯ ಮರೆಯಲ್ಲಿ ನಿಂತಳು. ನಲವತ್ತಾರು ವರ್ಷದ ಹೆಂಗಸು, ಹೆತ್ತ ತಾಯಿಯ ಮೇಲೆ ಕಾವಲು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆ ಸಿಟ್ಟನ್ನೂ ಅಮ್ಮನ ಲೆಕ್ಕಕ್ಕೇ ಸೇರಿಸಿದಳು. ಏಳೂವರೆಗೆ ಅಮ್ಮ ಲೈಬ್ರರಿಯ ಬಾಗಿಲು ಹಾಕಿ ಹೊರಬಂದಳು. ಕೈಯಲ್ಲಿ ಹಾಲಿನ ಕ್ಯಾನು ಇಡುವ ಬಟ್ಟೆಯ ಚೀಲ. ಕ್ಯಾನಿನ ಚೀಲ ಉರುಟಾಗಿರಬೇಕು. ಇದಕ್ಕೆ ಮೂಲೆಗಳಿದ್ದವು. ಅಮ್ಮ ಮನೆಯ ಕಡೆ ತಿರುಗದೆ ಡಿಪೋ ರಸ್ತೆ ಹಿಡಿದಳು.

ದಾರಿಯುದ್ದಕ್ಕೂ ಅವಳು ಅಮ್ಮನಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಂಡಳು. ಚಿಕ್ಕಪ್ಪನ ಅಂಗಳದ ಬೇಲಿ ದಾಟಿದಾಗ ಅದೆಲ್ಲ ಮರೆತುಹೋಯಿತು. ಎರಡು ಹಲಗೆಗಳ ನಡುವೆ ಉದ್ದನೆಯ ಗರಗಸವೊಂದನ್ನು ಹಲ್ಲು ಮೇಲೆ ಮಾಡಿ ಬಿಗಿದಿದ್ದರು. ಅರ ಹಾಕಿದ ಹಲ್ಲುಗಳು ಬೆಳಗಿನ ಬಿಸಿಲಿಗೆ ಮಿನುಗುತ್ತಿದ್ದವು. ಚೂಪಾದ ತುದಿಗಳು, ಒಂದರ ಪಕ್ಕ ಒಂದು. ಅವಳು ಅದನ್ನೇ ನೋಡುತ್ತ ನಿಂತಳು. ಇಪ್ಪತ್ತೇಳನೇ ಪುಟದಲ್ಲಿದ್ದದ್ದು ಗುಡ್ಡವೇ ಆಗಿರಲಿಲ್ಲ.

ಜಗಲಿಯಲ್ಲಿ ಅಮ್ಮ ಚೀಲದಿಂದ ಹೊಸ ಪುಸ್ತಕವೊಂದನ್ನು ತೆಗೆದು ಕೊಡುತ್ತಿದ್ದಳು. ಚಿಕ್ಕಪ್ಪ ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡ. ಅವನ ಹಿಂದೆ, ತೆರೆದ ಬಾಗಿಲಿನೊಳಗೆ, ಮೇಜಿನ ಮೇಲೆ ದಪ್ಪನೆಯದೊಂದು ಕೂತಿತ್ತು. ಬೂದಿ ಬಣ್ಣದ ಬೈಂಡು. ಬೆನ್ನಿನ ಮೇಲೆ ಲೈಬ್ರರಿಯ ನಂಬರು.

"ಕಳ್ಳ!" ಅವಳು ಕೂಗಿದ್ದು ಡಿಪೋಗೂ ಕೇಳಿರಬೇಕು. "ನಿಘಂಟು ಇಲ್ಲೇ ಇದೆ! ಅಪ್ಪ ಹೇಳಿದ್ದು ಸರಿ. ಅಮ್ಮಾ, ಹತ್ತೊಂಬತ್ತು ವರ್ಷ ಇವನು ಮನೇಲಿ ಇಟ್ಕೊಂಡಿದ್ದಾನೆ, ನೀನೇ ಇನ್ನೂ ತಂದು ತಂದು ಕೊಡ್ತೀಯಾ?"

ಅಮ್ಮ ಬೆಚ್ಚಿಬಿದ್ದಳು. ಚಿಕ್ಕಪ್ಪ ಕದಲಲಿಲ್ಲ. "ಬಾಯಿ ಅಣ್ಣನದೇ," ಎಂದ ಅಮ್ಮನಿಗೆ. "ತೋರಿಸಿ ಅತ್ತಿಗೆ. ಇನ್ನೇನು ಮುಚ್ಚಿಡೋದು?"

ಅಮ್ಮ ಒಳಗೆ ಹೋಗಿ ನಿಘಂಟನ್ನು ಎತ್ತಿ ತಂದು ಜಗಲಿಯ ಮೇಲಿಟ್ಟಳು. ಹಿಂದಿನ ರಟ್ಟು ತೆರೆದಳು. ಒಳಗೆ ಪೇಟೆಯ ಬೈಂಡರನ ಚೀಟಿ ಅಂಟಿಸಿತ್ತು. ಪುಸ್ತಕ ಬಂದ ತಾರೀಖು, ವಾಪಸು ಹೋದ ತಾರೀಖು, ಕೊಟ್ಟವರ ಸಹಿ, ವಾಪಸು ಪಡೆದವರ ಸಹಿ. ಎರಡೂ ಸಹಿ ಅಪ್ಪನವು. ಬೈಂಡಿಗೆ ಕೊಟ್ಟದ್ದು, ಚಿಕ್ಕಪ್ಪನನ್ನು ದಬ್ಬಿದ್ದಕ್ಕೆ ಒಂದು ವಾರ ಮೊದಲು. ಪಡೆದದ್ದು ಮೂರು ತಿಂಗಳ ಮೇಲೆ.

"ಕಂತೆ ಜೊತೆ ಅವರೇ ಕಳಿಸಿ ಮರೆತಿದ್ರು," ಎಂದಳು ಅಮ್ಮ. "ವಾಪಸು ಬಂದ ದಿನ ಊಟ ಮಾಡಲಿಲ್ಲ. ಕಳುವಾಗಿದೆ ಅಂತ ಮೇಲಿನ ಆಫೀಸಿಗೂ ಬರೆದಾಗಿತ್ತು. ಊರಿಗೆ ಹೇಳಿ ಅಂದೆ. ನಾಳೆ ನಾಳೆ ಅಂದ್ರು. ನಿನಗೆ ಹೇಳಿ ಅಂದೆ, ಅದಕ್ಕೂ ನಾಳೆ ಅಂದ್ರು. ಕೊನೆಗೆ ಒಂದು ಬೆಳಿಗ್ಗೆ ಇದನ್ನ ಹೊತ್ತುಕೊಂಡು ಇಲ್ಲಿಗೆ ಬಂದ್ರು. ಆಮೇಲೆ ವಾರ ವಾರ ಒಂದೊಂದು ಪುಸ್ತಕ ಅವರೇ ತಂದು ಕೊಡ್ತಿದ್ರು. ಸಾಯೋ ಮುಂಚೆ ನನ್ನ ಹತ್ರ ಮಾತು ತಗೊಂಡ್ರು, ನಿಲ್ಲಿಸಬೇಡ ಅಂತ."

ಅವಳು ಚೀಟಿಯ ಮೇಲಿನ ಸಹಿಯನ್ನು ಉಗುರಿನಿಂದ ಕೆರೆದು ನೋಡಿದಳು. ಶಾಯಿ ಕಾಗದದೊಳಗೆ ಇಳಿದಿತ್ತು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. "ಗುರುತು ನಿಂದಾ ಹಾಗಾದ್ರೆ?"

"ನಂದೇ."

"ಲೈಬ್ರರಿಗೆ ಬರ್ತಿದ್ದಾಗ ನೀನು ಗುರುತು ಹಾಕ್ತಿರಲಿಲ್ಲ."

"ನಾನು ಓದಿದ್ದು ನಂಗೆ ಮರೆಯಲ್ಲ. ಗುರುತು ಯಾಕೆ ಬೇಕು?" ಅವನು ಗರಗಸದ ಹತ್ತಿರ ಹೋಗಿ ಅರವನ್ನು ಕೈಗೆತ್ತಿಕೊಂಡ. "ಒಳಗೆ ಬರಬೇಡ ಅಂದ್ರಲ್ಲ. ಒಳಗೆ ನನ್ನದೂ ಇರಲಿ ಅಂತ ಹಾಕೋಕೆ ಶುರು ಮಾಡಿದೆ. ಊರವರು ಅದನ್ನ ಅಣ್ಣನದು ಅಂದುಕೊಂಡ್ರು. ಅವನು ಅಲ್ಲ ಅನ್ನಲಿಲ್ಲ."

"ಅಪ್ಪನೂ ಓದಿರ್ತಾರೆ. ಎಲ್ಲ ಕಥೆ ಹೇಳ್ತಿದ್ರು."

"ನಾನು ಹೇಳಿದ್ದನ್ನ ಹೇಳ್ತಿದ್ದ. ಓದೋಕೆ ಕೂತರೆ ಅವನಿಗೆ ಹತ್ತು ಪುಟಕ್ಕೆ ನಿದ್ದೆ. ಪುಸ್ತಕ ಜೋಡಿಸೋದು, ಯಾರ ಕೈಗೆ ಯಾವುದು ಕೊಡಬೇಕು ಅಂತ ಮುಖ ನೋಡಿ ತಿಳಿಯೋದು, ಅದರಲ್ಲಿ ಅವನ ಸಮ ಯಾರೂ ಇಲ್ಲ. ಇಲ್ಲೇ ಈ ಜಗಲಿ ಮೇಲೆ ಕೂತು ಕೇಳಿಸ್ಕೊಂಡು ಹೋಗ್ತಿದ್ದ." ಅವನ ತುಟಿಯ ಮೂಲೆ ಸ್ವಲ್ಪ ಓರೆಯಾಯಿತು. "ಕೆಲವು ವಾರ ನಂಗೆ ಸಿಟ್ಟು ಏರ್ತಿತ್ತು. ಆವಾಗ ಕೊನೆ ತಪ್ಪು ಹೇಳಿ ಕಳಿಸ್ತಿದ್ದೆ. ಊರಿನ ಎದುರಿಗೆ ಸಿಕ್ಕಿಬೀಳಲಿ ಅಂತ."

ಅವಳಿಗೆ ಟೈಲರನ ಮಾತು ನೆನಪಾಯಿತು. "ದೋಣಿಯವನು?"

"ಮುಳುಗಲ್ಲ ಅವನು. ನಾನೇ ಮುಳುಗಿಸಿದ್ದು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೂ ತಿಳಿದಿರಲಿಕ್ಕಿಲ್ಲ. ಮಗಳು ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟಳು. ಎಷ್ಟೋ ಸಲ ಈ ಮನುಷ್ಯನ ಎದುರಿಗೆ ಉಗಿದಿದ್ದಳು. ಅದಕ್ಕೆ ಈಗ ಯಾವ ಮಾತು ಹೇಳಬೇಕೆಂದು ಹುಡುಕಿದಳು. ಸಿಗಲಿಲ್ಲ. ಸಿಕ್ಕಿದ್ದು ಸಿಟ್ಟು ಮಾತ್ರ.

"ನೀನಾದ್ರೂ ಕೂಗಿ ಹೇಳಬೇಕಿತ್ತು! ಚೀಟಿ ನಿನ್ನ ಹತ್ರಾನೇ ಇತ್ತಲ್ಲ!"

"ಕಳ್ಳನ ಮನೇಲಿ ಕದ್ದ ಪುಸ್ತಕ ಸಿಕ್ಕಿದರೆ ಹಿಂದಿನ ರಟ್ಟು ಯಾರು ತೆಗೆದು ನೋಡ್ತಾರೆ? ಈಗ ನೀನು ನೋಡಿದ್ಯಾ?"

ಅವಳು ನಿಘಂಟಿನ ರಟ್ಟು ಮುಚ್ಚಿದಳು. "ಭಾನುವಾರದ ಬೋರ್ಡು ನಿಲ್ಲಿಸ್ತೀನಿ," ಎಂದಳು.

"ಯಾಕೆ? ಹಾಕಿ. ಓದಿದ್ದು ಅಣ್ಣನ ಲೆಕ್ಕಕ್ಕೇ ಇರಲಿ, ಓದೋಕೆ ನಂಗೆ ಬೋರ್ಡು ಬೇಕಿಲ್ಲ. ನನ್ನ ಬೆನ್ನಿಗೆ ಒಂದು ಬೋರ್ಡು ಹಾಕಿದಾರಲ್ಲ, ಅದನ್ನ ಯಾರಾದರೂ ಕಿತ್ತರೆ ಸಾಕು." ಅವನು ಅರವನ್ನು ಗರಗಸಕ್ಕೆ ಇಟ್ಟು ಎಳೆದ. ಆ ಸದ್ದಿನಲ್ಲಿ ಮುಂದೆ ಮಾತಾಡುವುದು ಸಾಧ್ಯವಿರಲಿಲ್ಲ.

ಶನಿವಾರವೆಲ್ಲ ಅವಳು ಲೈಬ್ರರಿಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ನಿಘಂಟಿನ ವಿಷಯ ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ. ಸತ್ತವರು ಎದ್ದು ಬಂದು ನಾಳೆ ನಾನೇ ಹೇಳ್ತೀನಿ ಎನ್ನುವ ಹಾಗೂ ಇಲ್ಲ. ಹೇಳದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಅಮ್ಮ ಹೇಗೂ ಬಾಯಿ ಬಿಡುವವಳಲ್ಲ. ಇಷ್ಟು ಸುಲಭವಾಗಿದ್ದಕ್ಕೇ ಅಪ್ಪ ಹದಿನೇಳು ವರ್ಷ ಸುಮ್ಮನಿದ್ದರು ಎಂದು ಅವಳಿಗೆ ಹೊಳೆದದ್ದು ಸಂಜೆ, ಬೀಗ ಹಾಕುವಾಗ.

ಭಾನುವಾರ ಕೋಣೆ ತುಂಬಿ ಹೊರಗೂ ಜನ ನಿಂತಿದ್ದರು. ಪಂಚಾಯಿತಿ ಅಧ್ಯಕ್ಷರು ಮೇಷ್ಟ್ರ ಬಗ್ಗೆ ನಾಲ್ಕು ಮಾತಾಡಿ, ಬಟ್ಟೆ ಸರಿಸಲು ಮಗಳನ್ನು ಕರೆದರು. ಅವಳು ಎದ್ದು, ಬೋರ್ಡಿನ ಹತ್ತಿರ ಹೋಗದೆ, ಮೇಜಿನ ಕೆಳಗೆ ಬಗ್ಗಿದಳು. ಬೆಳಿಗ್ಗೆಯೇ ಡಿಪೋ ಕಡೆಯಿಂದ ತಂದಿಟ್ಟಿದ್ದ ನಿಘಂಟನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟಳು. ಮೇಜು ಅಲುಗಿತು.

"ಇದು ಕಳುವಾಗಿರಲಿಲ್ಲ," ಎಂದಳು. "ಅಪ್ಪನೇ ಬೈಂಡಿಗೆ ಕಳಿಸಿ ಮರೆತಿದ್ರು. ವಾಪಸು ತಂದವರೂ ಅವರೇ. ಗೊತ್ತಿದ್ದೂ ಹೇಳಲಿಲ್ಲ. ಚೀಟಿ ಇಲ್ಲಿದೆ, ಸಹಿ ಇಲ್ಲಿದೆ. ನಂಬದವರು ಬಂದು ನೋಡ್ಕೊಳ್ಳಿ. ಚಿಕ್ಕಪ್ಪ ಕಳ್ಳ ಅಲ್ಲ."

ಒಬ್ಬರೂ ಏಳಲಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಈಗ್ಯಾಕಮ್ಮ ಇದೆಲ್ಲ? ಸತ್ತವರ ಮೇಲೆ ಹೀಗೆ..."

"ಬದುಕಿರೋರ ಮೇಲೆ ಇತ್ತಲ್ಲ, ಅದಕ್ಕೆ."

ಹಿಂದಿನಿಂದ ಯಾರೋ ಪಕ್ಕದವನ ಕಿವಿಯಲ್ಲಿ ಹೇಳುವವನಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದ: "ಆಸ್ತಿ ಪಾಲಿನ ವಿಷಯ ಏನೋ ರಾಜಿ ಆಗಿರಬೇಕು. ಸುಮ್ಮನೆ ಯಾರು ಹೀಗೆ ಹೇಳ್ತಾರೆ?" ಗಿರಣಿಯವಳು ಅವಳ ಅಮ್ಮನ ಮುಖ ನೋಡಿದಳು, ಅಮ್ಮ ನೆಲ ನೋಡಿದಳು. ಕೊನೆಗೆ ಟೈಲರ್ ಎದ್ದು ಬಂದ. ಚೀಟಿಯನ್ನು ಎರಡು ಸಲ ಓದಿದ. ಅಂಟಿಸಿದ ಅಂಚನ್ನು ಹೊಲಿಗೆ ಪರೀಕ್ಷಿಸುವ ಹಾಗೆ ಬೆರಳಿನಿಂದ ಸವರಿದ. ವಾಪಸು ಹೋಗಿ ಕುಳಿತ.

"ಪುಸ್ತಕ ಎಲ್ಲ ಓದಿದ್ದಾದರೂ ನಿಜ ತಾನೇ?" ಪೋಸ್ಟ್‌ಮ್ಯಾನ್ ಕೇಳಿದ. ದನಿಯಲ್ಲಿ ಕೊಂಕಿತ್ತು.

ಅವಳು ಅಮ್ಮನ ಕಡೆ ನೋಡಲಿಲ್ಲ. "ಬೋರ್ಡಿನ ಮೇಲೆ ಬರೆದಿದೆಯಲ್ಲ," ಎಂದು ಬಟ್ಟೆಯನ್ನು ಎಳೆದುಬಿಟ್ಟಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು.

ಮಂಗಳವಾರ ಹನ್ನೊಂದು ಗಂಟೆಗೆ ಚಿಕ್ಕಪ್ಪ ಬಂದ. ಒಗೆದ ಅಂಗಿ, ಖಾಲಿ ಕೈ. ಚೀಲ ತಂದಿರಲಿಲ್ಲ. ಬಾಗಿಲಲ್ಲಿ ಪಾದಗಳನ್ನು ಬಹಳ ಹೊತ್ತು ಒರೆಸಿದ. ಬೆಂಚಿನ ಮೇಲಿದ್ದವರ ಪೇಪರುಗಳು ಒಂದೊಂದಾಗಿ ಕೆಳಗೆ ಬಂದು ಮತ್ತೆ ಮೇಲೆ ಹೋದವು. ಯಾವುದರ ಪುಟವೂ ತಿರುಗಲಿಲ್ಲ.

"ಮೆಂಬರ್ ಆಗಬೇಕಿತ್ತು," ಎಂದ.

ಅವಳು ಫಾರಂ ತೆಗೆದಳು. "ಹೆಸರು?"

"ಗೊತ್ತಿಲ್ವಾ?"

"ಎಲ್ಲರನ್ನೂ ಕೇಳ್ತೀನಿ."

ಅವನು ಹೇಳಿದ. ಮೆಲ್ಲಗಲ್ಲ. ಕೆಲಸ ಕೇಳಿದಳು, ವಿಳಾಸ ಕೇಳಿದಳು. ಸಹಿಯನ್ನು ಅವನು ಒಂದೊಂದೇ ಅಕ್ಷರವಾಗಿ ಬರೆದ. ಅವಳು ಬೇಕೆಂದೇ ಕಿಟಕಿಯ ಕಡೆ ನೋಡಿದಳು. ಅವನು ಕಪಾಟುಗಳ ನಡುವೆ ಹೋದಾಗ ಪೋಸ್ಟ್‌ಮ್ಯಾನ್ ತನ್ನ ಪತ್ರದ ಚೀಲವನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡ. ಟೈಲರನ ಕಣ್ಣು ಚಿಕ್ಕಪ್ಪನ ಕೈಗಳ ಹಿಂದೆಯೇ ಹೋಗುತ್ತಿತ್ತು. ಒಂದು ಕ್ಷಣದ ಮೇಲೆ ಅದು ತನಗೇ ತಿಳಿದಂತಾಗಿ ಬೇರೆ ಕಡೆ ತಿರುಗಿ ಕೆಮ್ಮಿದ.

ಚಿಕ್ಕಪ್ಪ ತೆಳ್ಳನೆಯದೊಂದು ಪುಸ್ತಕ ಆರಿಸಿಕೊಂಡು ಬಂದ. ಅವಳು ನಂಬರು ಬರೆದು, ತಾರೀಖಿನ ಮುದ್ರೆ ಒತ್ತಿದಳು. "ಹದಿನೈದು ದಿನ," ಎಂದಳು. ಆಮೇಲೆ ಇನ್ನೇನೋ ಹೇಳಲು ಬಾಯಿ ತೆರೆದು, "ತಡ ಆದ್ರೆ ದಂಡ ಇದೆ ಚಿಕ್ಕಪ್ಪ," ಎಂದಳು.

ಅವನು ತಲೆಯಾಡಿಸಿ ಹೊರಗೆ ಹೋದ. ಈ ಊರಿನಲ್ಲಿ ಪುಸ್ತಕ ಒಯ್ಯುವವರು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಚೀಲಕ್ಕೆ ಹಾಕುತ್ತಾರೆ. ಅವಳು ಕಿಟಕಿಯಿಂದ ನೋಡಿದಳು. ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡಿದ್ದ, ಅಂಚಿನವರೆಗೆ ನೀರು ತುಂಬಿದ ಪಾತ್ರೆಯನ್ನು ಹಿಡಿದ ಹಾಗೆ. ಗಿರಣಿಯ ಬಾಗಿಲಲ್ಲಿ ಒಂದು ತಲೆ ಕಾಣಿಸಿತು, ಪಕ್ಕದ ಮನೆಯ ಕಿಟಕಿಯಲ್ಲಿ ಎರಡು. ಡಿಪೋಗೆ ಬಲಕ್ಕೆ ಹೋಗಬೇಕು. ಅವನು ಎಡಕ್ಕೆ ತಿರುಗಿ, ಊರಿನ ಉದ್ದನೆಯ ಬೀದಿ ಹಿಡಿದು, ಪುಸ್ತಕವನ್ನು ಹಾಗೆಯೇ ಹಿಡಿದುಕೊಂಡು ನಿಧಾನವಾಗಿ ನಡೆದ.